ತಾರಸಿಯ ಮೇಲಿನವರು

ಆ ಕಟ್ಟಡದೊಳಕ್ಕೆ ಮ್ಯಾನೇಜರು ಕಾಲಿಟ್ಟನೆಂದರೆ ಅಲ್ಲಿನ ಜನಸಂಖ್ಯೆ ಇಳಿಯುತ್ತಿತ್ತು.

ಮಾಲೀಕ ಯಾವತ್ತೂ ಬರುವವನಲ್ಲ. ಬಾಡಿಗೆ ಎತ್ತುವುದು, ಸೋರುವ ಕೊಳಾಯಿಗೆ ಬಟ್ಟೆ ಸುತ್ತಿಸುವುದು, ಗದರಿಸುವುದು, ಎಲ್ಲ ಮ್ಯಾನೇಜರನ ಕೆಲಸ. ಒಂದು ಕೋಣೆಗೆ ಮೂರೇ ಜನ ಎಂಬುದು ಕರಾರು. ನಾಲ್ಕನೆಯವರು ಕಣ್ಣಿಗೆ ಬಿದ್ದರೆ ಮನೆ ಖಾಲಿ ಮಾಡಬೇಕು. ಆದರೆ ಮನೆಯೆಂದ ಮೇಲೆ ಯಾರದೋ ತಮ್ಮ ಕೆಲಸ ಹುಡುಕಿಕೊಂಡು ಬರುತ್ತಾನೆ, ಯಾರದೋ ಅಕ್ಕ ಗಂಡನ ಮನೆ ಬಿಟ್ಟು ಬರುತ್ತಾಳೆ, ಯಾರಿಗೋ ವಯಸ್ಸಾಗುತ್ತದೆ. ಬಂದವರನ್ನು ಹೊರಗೆ ಹಾಕುವಂತಿಲ್ಲ, ಒಳಗಿದ್ದಾರೆ ಎನ್ನುವಂತೆಯೂ ಇಲ್ಲ.

ಅದಕ್ಕೆ ಅವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ನೆಲಮಹಡಿಯಲ್ಲಿ, ಎಲ್ಲರೂ ನೀರು ಹಿಡಿಯುವ ನಲ್ಲಿಯ ಎದುರಿಗೆ ಒಬ್ಬ ಹೆಂಗಸಿದ್ದಳು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವಳು. ರೇಡಿಯೋ ಎಂದು ಹೆಸರು ಬಿದ್ದಿತ್ತು. ಮ್ಯಾನೇಜರನ ಸ್ಕೂಟರು ಗೇಟಿನ ಬಳಿ ನಿಂತದ್ದೇ ತಡ, ರೇಡಿಯೋ ಖಾಲಿ ಬಕೆಟ್ಟಿಗೆ ಚೊಂಬಿನಿಂದ ಬಡಿದು "ನೀರು ಬಂತು" ಎಂದು ಕೂಗುವಳು. ನೀರು ಬರುವುದು ಬೆಳಗಿನ ಜಾವ ಮಾತ್ರ. ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಂತೆಂದರೆ, ಮೂರಕ್ಕಿಂತ ಮೇಲಿನವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ತಾರಸಿಗೆ ಹತ್ತಿಬಿಡುವರು. ಅಲ್ಲಿ ನೀರಿನ ಟ್ಯಾಂಕುಗಳ ಹಿಂದೆ ನೆರಳಿತ್ತು, ಕೂರಲು ಒಂದು ಹಲಗೆಯಿತ್ತು. ಕೆಳಗಿನವರು ಮ್ಯಾನೇಜರನೊಂದಿಗೆ ವಾದ ಮಾಡುತ್ತಿರುವಾಗ ಮೇಲಿನವರು ಹರಟೆ ಹೊಡೆಯುತ್ತಿದ್ದರು.

ಮೂರನೆಯ ಮಹಡಿಯ ಮೂಲೆ ಕೋಣೆಯಿಂದ ಹತ್ತುವವಳು ಅತ್ತೆ. ಲೆಕ್ಕಕ್ಕೆ ಸಿಗುವವರು ಸೊಸೆ, ಅವಳ ಮಗಳು, ಮತ್ತು ಲಾರಿ ಓಡಿಸುತ್ತ ತಿಂಗಳಲ್ಲಿ ಹೆಚ್ಚು ದಿನ ದಾರಿಯಲ್ಲೇ ಇರುವ ಗಂಡ. ಸೊಸೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಬಿಳಿ ಹಾಸುಬಟ್ಟೆಗಳನ್ನು ಇಬ್ಬಿಬ್ಬರು ಹಿಡಿದು ಎಳೆದು ಮಡಿಸುವ ಕೆಲಸ. ಮಡಿಕೆ ನೇರವಾಗಿ ಕೂತಿತೇ ಇಲ್ಲವೇ ಎಂದು ಎರಡೆರಡು ಸಲ ನೋಡುವ ಅವಳ ಅಭ್ಯಾಸ ಮನೆಗೂ ಬಂದಿತ್ತು. ಹೊರಟ ಮೇಲೆ ಬೀಗ ಎಳೆದು ನೋಡಲು ಹಿಂತಿರುಗುವಳು. ಆಡಿದ ಮಾತನ್ನು ಮೆಟ್ಟಿಲಿಳಿಯುವಾಗ ಮತ್ತೊಮ್ಮೆ ಮನಸ್ಸಿನಲ್ಲೇ ಆಡಿ ನೋಡುವಳು. ಅತ್ತೆಯನ್ನು ಮರೆಮಾಡುವ ಕೆಲಸವನ್ನು ಅವಳಷ್ಟು ಅಚ್ಚುಕಟ್ಟಾಗಿ ಮಾಡಿದವರು ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಅತ್ತೆಯ ಹಾಸಿಗೆ ಗಂಡಹೆಂಡಿರ ಹಾಸಿಗೆಯ ಕೆಳಗೆ ಸೇರಿಕೊಂಡು ಒಂದೇ ಹಾಸಿಗೆಯಂತೆ ಕಾಣುತ್ತಿತ್ತು. ಮಾತ್ರೆಗಳು ಬೇಳೆ ಡಬ್ಬಿಯೊಳಗೆ. ಬಟ್ಟೆಗಳು ಸೊಸೆಯ ಬಟ್ಟೆಗಳ ನಡುವೆ. ಊರುಗೋಲಿಗೆ ಎರಡೂ ತುದಿಯಲ್ಲಿ ಹಗ್ಗ ಕಟ್ಟಿ ಕಿಟಕಿಗೆ ಅಡ್ಡ ಹಾಕಿ, ಅದರ ಮೇಲೆ ಟವೆಲ್ಲು ಒಣಗಲು ಬಿಟ್ಟಿದ್ದಳು.

"ನಾನು ಸತ್ತ ಮೇಲೂ ಇಷ್ಟು ನೀಟಾಗಿ ನನ್ನ ಸಾಮಾನು ಎತ್ತಿಡಲ್ಲ ಇವಳು" ಎಂದು ಅತ್ತೆ ತಾರಸಿಯಲ್ಲಿ ಹೇಳಿಕೊಂಡಿದ್ದಳಂತೆ. ಹೊಗಳಿದ್ದೋ ಚುಚ್ಚಿದ್ದೋ ಸೊಸೆಗೆ ತಿಳಿಯಲಿಲ್ಲ. ಅತ್ತೆಯ ಮಾತು ಯಾವಾಗಲೂ ಹಾಗೆಯೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಹೀಗಿರುವಾಗ ನಗರಸಭೆ ಒಂದು ಯೋಜನೆ ತಂದಿತು. ಹಳೆಯ ಕಟ್ಟಡಗಳನ್ನು ಕೆಡವಿ ಎತ್ತರದ ಹೊಸ ಕಟ್ಟಡ ಕಟ್ಟಲು ಮಾಲೀಕರಿಗೆ ಅನುಮತಿ. ಮಾಮೂಲಿಗಿಂತ ಹೆಚ್ಚು ಮಹಡಿ ಎಬ್ಬಿಸಬಹುದು, ಅವನ್ನು ಬೇಕಾದ ಬೆಲೆಗೆ ಮಾರಿಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ಕೆಳಗಿನ ಕೆಲವು ಮಹಡಿಗಳನ್ನು ಹಳೆಯ ಬಾಡಿಗೆದಾರರಿಗೇ, ನಗರಸಭೆ ನಿಗದಿ ಮಾಡಿದ ಕಡಿಮೆ ಬಾಡಿಗೆಗೆ ಬಿಟ್ಟುಕೊಡಬೇಕು. ಮೂರು ಜನರವರೆಗಿನ ಕುಟುಂಬಕ್ಕೆ ಒಂದು ಕೋಣೆ, ಅದಕ್ಕೂ ಹೆಚ್ಚಿದ್ದರೆ ಎರಡು. ಮನೆಯೊಳಗೇ ನಲ್ಲಿ, ಮನೆಯೊಳಗೇ ಕಕ್ಕಸು. ಗೇಟಿನಲ್ಲಿ ನೋಟೀಸು ಅಂಟಿಸಿದ ದಿನ ರೇಡಿಯೋ ಅದನ್ನು ಎಲ್ಲ ಮಹಡಿಗೂ ಹತ್ತಿ ಓದಿ ಹೇಳಿದಳು. ಜನರನ್ನು ಎಣಿಸಲು ನಗರಸಭೆಯಿಂದ ಬರುತ್ತಾರೆ, ಇದ್ದವರೆಲ್ಲರ ಹೆಸರನ್ನೂ ಹೇಳಬೇಕು ಎಂದಳು.

ಅದಾದ ಮೇಲೆ ಒಂದು ವಾರ ಸೊಸೆ ಹಾಸುಬಟ್ಟೆ ಮಡಿಸುತ್ತ ಉತ್ತರವನ್ನು ಅಭ್ಯಾಸ ಮಾಡಿದಳು. ನಾಲ್ಕು ಜನ. ನಾನು, ಮನೆಯವರು, ಮಗಳು, ನಮ್ಮತ್ತೆ. ನಾಲ್ಕು.

ಎಣಿಸುವವನು ಬಂದದ್ದು ಮ್ಯಾನೇಜರನ ಸ್ಕೂಟರಿನ ಹಿಂದೆ ಕೂತು.

ದಾರಿ ತೋರಿಸಲಿಕ್ಕೆಂದು ಮಾಲೀಕನೇ ಹಾಗೆ ಏರ್ಪಾಡು ಮಾಡಿದ್ದಿರಬೇಕು. ರೇಡಿಯೋ ಕಂಡದ್ದು ಸ್ಕೂಟರನ್ನು. ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಬಕೆಟ್ಟು ಬಡಿಯಿತು, ನೀರು ಬಂತು, ಕಾಲುಗಳು ತಮ್ಮಷ್ಟಕ್ಕೆ ಮೆಟ್ಟಿಲೇರಿದವು. ಮೂರನೆಯ ಮಹಡಿಗೆ ಅವರು ಬರುವಷ್ಟರಲ್ಲಿ ಸೊಸೆಯ ಕೋಣೆಯಲ್ಲಿ ಒಂದೇ ಹಾಸಿಗೆ, ಒಂದು ಡಬ್ಬಿ ಬೇಳೆ, ಕಿಟಕಿಯಲ್ಲಿ ಒಂದು ಟವೆಲ್ಲು.

"ಎಷ್ಟು ಜನ ಇದೀರಮ್ಮ?" ಎಂದು ಎಣಿಸುವವನು ಕೇಳಿದ.

ಮ್ಯಾನೇಜರು ಬಾಗಿಲಿಗೆ ಒರಗಿ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ.

"ಮೂರು" ಎಂದಳು ಸೊಸೆ.

ಅವರು ಹೋದ ಮೇಲೆ ಅತ್ತೆ ಏದುಸಿರು ಬಿಡುತ್ತ ಇಳಿದು ಬಂದಳು. "ಇವತ್ತೇನು, ಬೈಗುಳಾನೂ ಇಲ್ಲದೆ ಬೇಗ ಹೋದ" ಎಂದಳು. ಎಣಿಸುವವನು ಬಂದು ಹೋದದ್ದನ್ನು ಸೊಸೆ ಹೇಳಿದಳು. ಅತ್ತೆ ಬೇಳೆ ಡಬ್ಬಿಯಿಂದ ಮಾತ್ರೆ ತೆಗೆದುಕೊಂಡು, ನೀರು ಕುಡಿದು, ಮಲಗಿದಳು.

ಅಂದು ಸಂಜೆ ನಲ್ಲಿಯ ಬಳಿ ಎಲ್ಲ ಸೇರಿದರು. ಮೊದಲು ಸಿಟ್ಟು ರೇಡಿಯೋ ಮೇಲೆ ತಿರುಗಿತು. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನು ಬಕೆಟ್ ಬಡಿದೆ, ಸರಿ. ಹತ್ತಿದ ಕಾಲು ನನ್ನದಾ? ಮೂರು ಅಂತ ಅಂದ ನಾಲಿಗೆ ನನ್ನದಾ?" ಎಷ್ಟೋ ವರ್ಷ ಜಾಣತನದಿಂದ ಬದುಕಿದವರು ಅದೇ ಜಾಣತನದಿಂದ ಹಳ್ಳಕ್ಕೆ ಬಿದ್ದಿದ್ದರು.

ಆಕ್ಷೇಪಣೆ ಕೊಡಬಹುದು, ತಿಂಗಳ ಕೊನೆಯ ಶನಿವಾರದವರೆಗೂ ಸಮಯವಿದೆ ಎಂದು ಯಾರೋ ಹೇಳಿದರು.

"ಕೊಟ್ಟು?" ಎಂದ ಕ್ಷೌರದಂಗಡಿಯವನು. ಅವನ ಅಂಗಡಿ ಅದೇ ಕಟ್ಟಡದ ರಸ್ತೆ ಬದಿಗೆ, ಮನೆ ಸೊಸೆಯ ಕೋಣೆಯ ಪಕ್ಕಕ್ಕೆ. ಲೆಕ್ಕಕ್ಕೆ ಸಿಗುವವರು ಅವನು, ಹೆಂಡತಿ, ಮಗ; ಹೆಂಡತಿಯ ತಮ್ಮ, ಗೋಡೆಗೆ ಬಣ್ಣ ಬಳಿಯುವವನು, ತಾರಸಿಗೆ ಹತ್ತುವವರಲ್ಲಿ ಒಬ್ಬ. "ಇಷ್ಟು ವರ್ಷ ಕರಾರು ಮುರಿದಿದೀವಿ ಸ್ವಾಮಿ ಅಂತ ನಾವೇ ಬರೆದು ಕೊಡೋದಾ? ಮನೆ ಸಿಗೋ ಮುಂಚೆ ಇದ್ದ ಮನೇನೂ ಹೋಗುತ್ತೆ. ಒಬ್ಬರು ಬಾಯಿ ಬಿಟ್ಟರೆ ಎಲ್ಲರ ಮನೆಗೂ ಬಂದು ಇಣುಕ್ತಾರೆ. ಒಂದು ಕೋಣೆ ಆದ್ರೂ ಸಿಗ್ತಿದೆಯಲ್ಲ, ಅಲ್ಲೇ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು. ಇಲ್ಲಿ ಮಾಡ್ತಿಲ್ವಾ?"

ಎಲ್ಲರೂ ತಲೆಯಾಡಿಸಿದರು. ಸೊಸೆಯೂ ಆಡಿಸಿದಳು.

ಅಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವುದು ಆಗದ ಮಾತು ಎಂಬುದು ಅವಳಿಗೆ ಮಾರನೆಯ ದಿನ ಲಾಂಡ್ರಿಯಲ್ಲಿ ತಿಳಿಯಿತು. ಜೊತೆಗೆ ಮಡಿಸುವವಳ ಅಕ್ಕ ಇಂಥದೇ ಹೊಸ ಕಟ್ಟಡದಲ್ಲಿದ್ದಳು. ಅಲ್ಲಿ ಒಬ್ಬೊಬ್ಬರಿಗೂ ಫೋಟೋ ಇರುವ ಕಾರ್ಡು. ಗೇಟಿನಲ್ಲಿ ಕಾವಲುಗಾರ. ಹಿಂದೆ ಕೆಲವರು ಕಡಿಮೆ ಬಾಡಿಗೆಯ ಮನೆ ಹಿಡಿದು ಒಳಬಾಡಿಗೆಗೆ ಕೊಟ್ಟು ದುಡ್ಡು ಮಾಡಿದ್ದರಿಂದ ಈಗ ಬಿಗಿ ಮಾಡಿದ್ದಾರೆ. ಪಟ್ಟಿಯಲ್ಲಿ ಇಲ್ಲದವರು ಅಲ್ಲಿ ರಾತ್ರಿ ಉಳಿಯುವಂತಿಲ್ಲ. ತಾರಸಿಗೆ ಬೀಗ. "ಒಳ್ಳೇದಕ್ಕೇ ಮಾಡಿರೋದು" ಎಂದಳು ಜೊತೆಯವಳು, ಹಾಸುಬಟ್ಟೆಯ ತುದಿ ಚಾಚುತ್ತ. ಸೊಸೆ ಆ ತುದಿಯನ್ನು ಹಿಡಿದುಕೊಂಡು ಮಡಿಸುವುದನ್ನು ಮರೆತು ನಿಂತಳು.

ಅತ್ತೆಗೆ ಇನ್ನೊಬ್ಬ ಮಗನಿದ್ದ, ದೂರದ ಊರಿನಲ್ಲಿ, ಮಾವನ ಮನೆಯಲ್ಲಿ. ಹೆಂಡತಿಯ ಕಡೆಯವರ ಮುಂದೆ ಗಟ್ಟಿಯಾಗಿ ಕೆಮ್ಮಲೂ ಹೆದರುವವನು. ಅತ್ತೆ ಅಲ್ಲಿಗೆ ಹೋಗಿ ಮೂರು ದಿನಕ್ಕೇ ಹಿಂತಿರುಗಿದ್ದಳು. ಯಾಕೆಂದು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಕೇಳಿದರೆ ಈಗಲೂ ಅತ್ತೆ ಹೇಳುವುದು ಒಂದೇ: "ನನ್ನದೇನು, ಎಲ್ಲೋ ಒಂದು ಕಡೆ ಬಿದ್ದಿರ್ತೀನಿ." ಆ ಎಲ್ಲೋ ಒಂದು ಕಡೆ ಎಲ್ಲಿದೆ ಎಂದು ಸೊಸೆ ಬಸ್ಸಿನಲ್ಲಿ ಕೂತು ಯೋಚಿಸಿದಳು. ಅತ್ತೆಯ ಮೇಲೆ ಅವಳಿಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅತ್ತೆಯಿಲ್ಲದ ಕೋಣೆಯನ್ನು ಒಂದೊಂದು ದಿನ ಆಸೆಯಿಂದ ಕಲ್ಪಿಸಿಕೊಂಡದ್ದೂ ಉಂಟು. ಆದರೆ ಹಾಗೆ ಕಲ್ಪಿಸಿಕೊಳ್ಳುವಾಗ ಅತ್ತೆ ಎಲ್ಲಿಗೆ ಹೋದಳು ಎಂಬ ಜಾಗವನ್ನು ಅವಳು ಖಾಲಿ ಬಿಡುತ್ತಿದ್ದಳು. ಈಗ ಅದನ್ನು ತುಂಬಬೇಕಾಗಿತ್ತು.

ಕೊನೆಯ ವಾರದ ಮೊದಲ ದಿನ, ಕೆಲಸ ಮುಗಿದ ಮೇಲೆ, ನಗರಸಭೆಯ ವಸತಿ ಕಚೇರಿಗೆ ಹೋಗಿ ಆಕ್ಷೇಪಣೆ ಕೊಟ್ಟಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಬೇಡವೆನ್ನುತ್ತಾಳೆ, ಅತ್ತೆ ಬೇಡವೆಂದರೆ ತನಗೂ ಧೈರ್ಯ ಉಳಿಯುವುದಿಲ್ಲ. ಅದೇ ಅವಳ ತಪ್ಪಾಯಿತು.

ಗುರುವಾರ ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಬಂದವಳು ಮೆಟ್ಟಿಲ ಬುಡದಲ್ಲೇ ನಿಂತಳು. ಹೊಸ ಮುಖ ಕಂಡು ರೇಡಿಯೋ ಆಗಲೇ ಬಕೆಟ್ಟು ಬಡಿದಿದ್ದಳು. ಮೇಲೆ ಎಲ್ಲೋ ಗುರುತಿಲ್ಲದ ಹೆಣ್ಣಿನ ದನಿ ಕೇಳುತ್ತಿತ್ತು.

"ಮೂಲೆ ಮನೆ ಅಜ್ಜಿ ಇದಾರಾ?"

"ಯಾವ ಅಜ್ಜಿ?" ಇದು ಎರಡನೆಯ ಮಹಡಿಯ ದರ್ಜಿ. ಹೊಲಿಗೆ ಯಂತ್ರವನ್ನೂ ನಿಲ್ಲಿಸಿರಲಿಲ್ಲ. "ಅಜ್ಜಿಯರೇ ಇಲ್ಲ ಇಲ್ಲಿ. ಮೆಟ್ಟಿಲು ನೋಡಿದ್ರಾ? ಅಜ್ಜಿಯರು ಹತ್ತೋ ಮೆಟ್ಟಿಲಾ ಇವು?"

ಸೊಸೆ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಅಷ್ಟರಲ್ಲಿ ದನಿ ಮೂರನೆಯ ಮಹಡಿ ಮುಟ್ಟಿತ್ತು.

"ಪಕ್ಕದ ಮನೇಲಿ ವಯಸ್ಸಾದವರು ಯಾರಾದ್ರೂ ಇದಾರಾ ಅಮ್ಮ?"

"ಇಲ್ವಲ್ಲ" ಎಂದಳು ಕ್ಷೌರದಂಗಡಿಯವನ ಹೆಂಡತಿ. "ಗಂಡ, ಹೆಂಡತಿ, ಒಂದು ಮಗು. ಮೂರೇ ಜನ. ಬಹಳ ಮರ್ಯಾದಸ್ಥರು."

ಯಾರೂ ತಡವರಿಸಲಿಲ್ಲ. ಯಾರ ದನಿಯಲ್ಲೂ ಸುಳ್ಳಿನ ಸುಳಿವಿರಲಿಲ್ಲ. ಇಷ್ಟು ನಿಷ್ಠೆಯ ನೆರೆಹೊರೆ ಎಲ್ಲರಿಗೂ ಸಿಗುವುದಿಲ್ಲ ಎಂದು ಸೊಸೆಗೆ ಅನ್ನಿಸಿತು.

ಬಂದವಳು ಚಿಕ್ಕ ವಯಸ್ಸಿನವಳು. ಹೆಗಲಿಗೆ ಚೀಲ, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಗೆ ಪಟ್ಟಿ. ಸೊಸೆ ತಾನು ಯಾರೆಂದು ಹೇಳಿದ ಮೇಲೆ ತಾನೂ ಹೇಳಿಕೊಂಡಳು: ನಗರಸಭೆಯಿಂದ, ಆಕ್ಷೇಪಣೆಯ ಪರಿಶೀಲನೆಗೆ.

"ನಾನು ಮೊದಲೇ ಯಾರು ಅಂತ ಹೇಳಿಬಿಟ್ಟರೆ ಜನ ಬಾಡಿಗೆಗೆ ಅಜ್ಜಿ ತಂದು ಕೂರಿಸ್ತಾರೆ" ಎಂದಳು ಸ್ವಲ್ಪ ಸಂಕೋಚದಿಂದ. "ಹೋದ ವಾರ ಒಂದು ಕಡೆ ಒಬ್ಬರೇ ತಾತನ್ನ ಮೂರು ಮನೇಲಿ ನೋಡಿದೆ. ಅದಕ್ಕೆ ಮೊದಲು ಅಕ್ಕಪಕ್ಕ ಕೇಳೋದು. ಇಲ್ಲಿ ಯಾರೂ ಇಲ್ಲ ಅಂತಾರಲ್ಲ?"

"ಇದಾರೆ" ಎಂದಳು ಸೊಸೆ. ಕೋಣೆಗೆ ಬೀಗ ಬಿದ್ದಿತ್ತು. "ಮೇಲಿದಾರೆ."

ಇಬ್ಬರೂ ತಾರಸಿಗೆ ಹತ್ತಿದರು. ಟ್ಯಾಂಕುಗಳ ಹಿಂದೆ ಹಲಗೆಯ ಮೇಲೆ ಅತ್ತೆ, ನಿವೃತ್ತ ವಾಚ್‌ಮನ್ ಒಬ್ಬ, ದರ್ಜಿಯ ನಾದಿನಿ ಕೂತಿದ್ದರು. ಬಣ್ಣ ಬಳಿಯುವವನು ಕುಕ್ಕುರುಗಾಲಿನಲ್ಲಿ ಕೂತು ಏನೋ ಹೇಳಿ ನಗಿಸುತ್ತಿದ್ದ. ಹೊಸಬಳನ್ನು ಕಂಡು ನಾಲ್ವರೂ ಎದ್ದು ನಿಂತರು.

"ಇವರು ನಮ್ಮತ್ತೆ" ಎಂದಳು ಸೊಸೆ.

"ನೀವು ಇವರ ಮನೇಲೇ ಇರೋದಾ ಅಜ್ಜಿ?"

ಅತ್ತೆ ಬಂದವಳ ಚೀಲ ನೋಡಿದಳು. ಸೊಸೆಯ ಮುಖ ನೋಡಲಿಲ್ಲ. "ನಾನಾ? ನೆಂಟಳು ಕಣಮ್ಮ. ನೋಡ್ಕೊಂಡು ಹೋಗೋಣ ಅಂತ ಬಂದೆ. ಸಂಜೆ ಬಸ್ಸಿಗೆ ಹೊರಡ್ತೀನಿ."

ಎಷ್ಟೋ ವರ್ಷಗಳ ಹಿಂದೆ ಸೊಸೆಯೇ ಕಲಿಸಿಕೊಟ್ಟ ವಾಕ್ಯ. ಒಂದು ಅಕ್ಷರವೂ ಬದಲಾಗಿರಲಿಲ್ಲ.

"ಅತ್ತೆ, ಇವರು ಮ್ಯಾನೇಜರ್ ಕಡೆಯವರಲ್ಲ. ನಗರಸಭೆಯವರು. ನಾನೇ ಅರ್ಜಿ ಕೊಟ್ಟಿದ್ದು."

"ಯಾರ ಕಡೆಯವರಾದ್ರೇನು. ಸಂಜೆ ಬಸ್ಸಿಗೆ ಹೊರಡ್ತೀನಿ."

ಉಳಿದ ಮೂವರೂ ಒಬ್ಬೊಬ್ಬರಾಗಿ ಬಂದವಳ ಬೆನ್ನ ಹಿಂದಿನಿಂದ ಮೆಟ್ಟಿಲ ಕಡೆಗೆ ಸರಿದರು. ಬಣ್ಣ ಬಳಿಯುವವನು ಮಾತ್ರ ಇಳಿಯುವ ಮುಂಚೆ ಸೊಸೆಯನ್ನು ಒಮ್ಮೆ ನೋಡಿದ. ಕೋಪವೇನೂ ಇರಲಿಲ್ಲ. ಹೆಗಲ ಮೇಲಿನ ಮೂಟೆಯ ಭಾರ ನೋಡಿಕೊಳ್ಳುವವನ ಹಾಗಿತ್ತು.

ಕೋಣೆಗೆ ಬಂದ ಮೇಲೆ ಸೊಸೆ ಎಲ್ಲವನ್ನೂ ಹೊರತೆಗೆದಳು. ಹಾಸಿಗೆಯನ್ನು ಎರಡು ಮಾಡಿ ತೋರಿಸಿದಳು. ಬೇಳೆಯೊಳಗೆ ಕೈ ಹಾಕಿ ಮಾತ್ರೆ ತೆಗೆದಳು. ಟವೆಲ್ಲು ಎಳೆದು ಊರುಗೋಲು ಬಿಚ್ಚಿದಳು. ಬಂದವಳು ತಾಳ್ಮೆಯಿಂದ ನೋಡಿದಳು.

"ಇವೆಲ್ಲ ಯಾರದಾದ್ರೂ ಆಗಬಹುದಲ್ಲ" ಎಂದಳು. "ಅವರೇ ಇಲ್ಲ ಅಂತಿರೋವಾಗ ನಾನು ಇದಾರೆ ಅಂತ ಹೇಗೆ ಬರೀಲಿ?"

ಅತ್ತೆ ನೆಂಟಳ ಹಾಗೆ ಬಾಗಿಲ ಬಳಿ ಕಾಲು ಮಡಿಸಿ ಕೂತಿದ್ದಳು. ಇನ್ನೇನೂ ತೋಚದೆ ಸೊಸೆ, "ಟೀ ಮಾಡ್ತೀನಿ ಮೇಡಂ, ಕೂತ್ಕೊಳ್ಳಿ" ಎಂದು ಒಲೆಯ ಮೇಲೆ ಪಾತ್ರೆ ಇಟ್ಟಳು.

ಬಾಗಿಲ ಬಳಿ ಅತ್ತೆ ಕತ್ತು ಚಾಚಿದಳು. ಸ್ವಲ್ಪ ಹೊತ್ತು ತಡೆದುಕೊಂಡಳು.

"ಆ ಪಾತ್ರೇಲಿ ಬೇಡ. ತಳ ಹಿಡಿಯುತ್ತೆ."

"ಹಿಡಿಯಲ್ಲ ಅತ್ತೆ."

"ಮೊನ್ನೆ ಹಿಡೀಲಿಲ್ವಾ? ತಿಕ್ಕಿ ತಿಕ್ಕಿ ನನ್ನ ಕೈ ಸವೀತು."

"ಮೊನ್ನೆ ಹಾಲು ಇಟ್ಟು ತಾರಸಿಗೆ ಹೋದೋರು ಯಾರು?"

"ನೀರು ಬಂತು ಅಂದ್ರು, ಹೋದೆ. ಹಾಲು ನೋಡ್ಕೊಂಡು ಕೂತಿದ್ರೆ ಮ್ಯಾನೇಜರಿಗೆ ಟೀ ಮಾಡಿ ಕೊಡ್ಬೇಕಿತ್ತಾ?" ಅತ್ತೆ ಎದ್ದೇ ಬಂದಳು. ಸೊಸೆಯನ್ನು ಮೊಣಕೈಯಿಂದ ಸರಿಸಿ, ನೋಡದೆಯೇ ಮೇಲಿನ ಹಲಗೆಗೆ ಕೈ ಹಾಕಿ ಇನ್ನೊಂದು ಪಾತ್ರೆ ಇಳಿಸಿದಳು. "ಸಕ್ಕರೆ ಮತ್ತೆ ಕೆಳಗಿಟ್ಟಿದೀಯ. ಇರುವೆಗೆ ಊಟ ಹಾಕೋ ಧರ್ಮ ನಿಂದು. ರಾತ್ರಿಯೆಲ್ಲಾ ನನ್ನ ಕಿವಿಯೊಳಗೆ ಇರುವೆ."

"ರಾತ್ರಿಯೆಲ್ಲಾ ನಿಮಗೆ ಇರುವೆ ಗೊತ್ತಾಗುತ್ತಾ? ನಿಮ್ಮ ಗೊರಕೆಗೆ ಮಗು ಎದ್ದು ಕೂತ್ಕೊಂಡಿದ್ದು ಗೊತ್ತಾಗಲ್ಲ."

"ನನ್ನ ಗೊರಕೆ ಕೇಳುತ್ತೆ, ನಿನ್ನ ಲೈಟು ಕಾಣಲ್ಲ. ಮಲಗಿದ ಮೇಲೆ ಮೂರು ಸಲ ಎದ್ದು ಬೀಗ ನೋಡ್ತಾಳೆ ಕಣಮ್ಮ ಇವಳು. ಎದ್ದಾಗೆಲ್ಲ ನನ್ನ ಕಾಲು ತುಳೀತಾಳೆ. ಕಾಲು ಚಾಚೋಕೆ ಜಾಗ ಎಲ್ಲಿದೆ ಇಲ್ಲಿ, ಗೋಡೆ ಮೇಲೆ ಮಲಗ್ಲಾ?"

ಮಾತು ಅಲ್ಲಿಗೆ ನಿಂತಿತು. ಬಂದವಳು ಪೆನ್ನು ತೆಗೆದಿದ್ದಳು. ಒಲೆಯ ಮೇಲೆ ನೀರು ಕುದಿಯತೊಡಗಿತು. ಅತ್ತೆ ಹಿಂದೆಮುಂದೆ ನೋಡಿ, ತಾನು ಕೂತಿದ್ದ ಬಾಗಿಲ ಬಳಿಗೆ ಮತ್ತೆ ಹೋಗುವುದೋ ಬೇಡವೋ ತಿಳಿಯದೆ, ಸಕ್ಕರೆ ಡಬ್ಬಿ ಹಿಡಿದು ನಿಂತಳು.

"ನಿಂಗೆ ಅರ್ಜಿ ಕೊಡು ಅಂತ ಯಾರು ಹೇಳಿದ್ರು?" ಎಂದು ಕೇಳಿದಳು, ಈಗ ತಗ್ಗಿದ ದನಿಯಲ್ಲಿ. "ಇರೋ ಒಂದು ಕೋಣೇನೂ ಹೋದ್ರೆ?"

"ಹೋಗಲ್ಲ" ಎಂದಳು ಬಂದವಳು. "ಎಣಿಕೆ ಆದ ಮನೆಯವರನ್ನ ಹೊಸ ಮನೆ ಕೊಡೋವರೆಗೂ ಬಿಡಿಸೋ ಹಾಗಿಲ್ಲ, ಕರಾರು ಏನೇ ಇರಲಿ. ಅಂಗಡಿಗಳಿಗೆ ಮಾತ್ರ ಆ ರಕ್ಷಣೆ ಇಲ್ಲ." ಟೀ ಕುಡಿದು ಲೋಟ ಕೆಳಗಿಟ್ಟಳು. "ಆದ್ರೆ ನೆರೆಯವರೊಬ್ಬರ ಸಹಿ ಬೇಕೇ ಬೇಕು. ನಾನು ಬರೆದಿದ್ದೊಂದೇ ಸಾಕಾಗಲ್ಲ."

ಆ ಮಹಡಿಯ ಉಳಿದ ನಾಲ್ಕು ಬಾಗಿಲುಗಳ ಪೈಕಿ ಮೂರು ಆ ಹೊತ್ತಿಗೆ ಮುಚ್ಚಿದ್ದವು. ತೆರೆದಿದ್ದದ್ದು ಪಕ್ಕದ್ದು. ಕ್ಷೌರದಂಗಡಿಯವನ ಹೆಂಡತಿ ಹೊಸಿಲ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಬಿಡಿಸಿದ ಕಡ್ಡಿಯನ್ನೇ ಮತ್ತೆ ಬಿಡಿಸುತ್ತಿದ್ದಳು.

"ಅಕ್ಕ" ಎಂದಳು ಸೊಸೆ. ಮುಂದಿನ ಮಾತನ್ನು ಅವಳು ಅಭ್ಯಾಸ ಮಾಡಿರಲಿಲ್ಲ.

ಅಕ್ಕ ಅವಳನ್ನು ನೋಡಿದಳು, ಅವಳ ಹಿಂದಿದ್ದ ಅತ್ತೆಯನ್ನು ನೋಡಿದಳು. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟಳು.

"ಇವರಿಬ್ಬರ ಜಗಳ ಕೇಳದೆ ನನಗೆ ಬೆಳಗಾಗಿದ್ದಿಲ್ಲ" ಎಂದಳು. "ಎಲ್ಲಿ ಹಾಕಬೇಕು?"

"ಆಗಲೇ ಯಾರೂ ಇಲ್ಲ ಅಂದ್ರಿ?"

"ಆಗ ನೀವು ಯಾರು ಅಂತ ಹೇಳಿರಲಿಲ್ಲ. ಗುರುತಿಲ್ಲದೋರ ಹತ್ತಿರ ಪಕ್ಕದ ಮನೆ ವಿಷಯ ಹೇಳೋಕೆ ನಾನೇನು ರೇಡಿಯೋನಾ?" ಒದ್ದೆ ಕೈ ಒರೆಸಿಕೊಂಡು ನಿಧಾನವಾಗಿ ಸಹಿ ಹಾಕಿದಳು. ಆಮೇಲೆ, ಹವಾಮಾನ ವಿಚಾರಿಸುವವಳ ಹಾಗೆ, "ಬೇರೆಯವರೂ ಅರ್ಜಿ ಕೊಡಬಹುದಾ?" ಎಂದಳು.

"ನಾಡಿದ್ದು ಶನಿವಾರ ಮಧ್ಯಾಹ್ನದವರೆಗೆ."

ಅಕ್ಕ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮ್ಯಾನೇಜರು ಬಂದ. ಈ ಸಲ ಮೆಟ್ಟಿಲು ಹತ್ತಲಿಲ್ಲ. ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು ಗಡ್ಡ ಕೆರೆಸಿಕೊಂಡ. ಮುಖದ ತುಂಬ ನೊರೆ ಇಟ್ಟುಕೊಂಡೇ ಕನ್ನಡಿಯಲ್ಲಿ ಅಂಗಡಿಯವನ ಕಣ್ಣು ನೋಡುತ್ತ, "ನಿಮ್ಮ ಮನೇಲಿ ಎಷ್ಟು ಜನ ಈಗ?" ಎಂದನಂತೆ. ಅಂಗಡಿಯವನು "ಮೂರು ಸಾರ್" ಎಂದನಂತೆ. "ಹಾಗೇ ಇರಲಿ" ಎಂದು ಮ್ಯಾನೇಜರು ದುಡ್ಡು ಕೊಡದೆ ಎದ್ದು ಹೋದನಂತೆ. ರೇಡಿಯೋ ಇದನ್ನು ಎಲ್ಲ ಮಹಡಿಗೂ ಹೇಳಿದಳು, ಆದರೆ ಎಂದಿನಂತೆ ನಗಲಿಲ್ಲ.

ಶನಿವಾರ ಬೆಳಿಗ್ಗೆ ಸೊಸೆ ನೀರಿಗೆ ಇಳಿದಾಗ ಮೆಟ್ಟಿಲ ತಿರುವಿನಲ್ಲಿ ಸದಾ ಒರಗಿರುತ್ತಿದ್ದ ಬಣ್ಣದ ಡಬ್ಬಿಗಳಿರಲಿಲ್ಲ. ಉದ್ದ ಹಿಡಿಯ ಬ್ರಷ್ಷುಗಳೂ ಇರಲಿಲ್ಲ. ಅವು ಇದ್ದ ಕಡೆ ಗೋಡೆಯ ಮೇಲೆ ಹಲವು ಬಣ್ಣದ ಕಲೆಗಳು.

ಅವಳು ಕೊಡ ಅಲ್ಲೇ ಇಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದಳು.

"ಬೆಳಗಾಗೋ ಮುಂಚೆ ಹೋದ" ಎಂದಳು ಅಕ್ಕ. ಕಣ್ಣು ಒಣಗಿದ್ದವು. "ಭಾವನ ಅಂಗಡಿ ನನ್ನಿಂದ ಹೋಗೋದು ಬೇಡ ಅಂದ. ಕೆಲಸ ನಡೀತಿರೋ ಕಡೆಯೇ ಮಲಗ್ತಾನಂತೆ. ಹಸಿ ಬಣ್ಣದ ವಾಸನೇಲಿ."

"ನಾನು ನಿಮಗೆ ಮೊದಲೇ ಹೇಳಬೇಕಿತ್ತು ಅಕ್ಕ."

"ಹೇಳಿದ್ರೆ ಬೇಡ ಅಂತಿದ್ದೆ." ಅಕ್ಕ ಸೆರಗಿನಂಚಿನ ದಾರವೊಂದನ್ನು ಎಳೆದು ಹರಿದಳು. "ಅಂಗಡಿ ಹೇಗಿದ್ರೂ ಕಟ್ಟಡ ಕೆಡವಿದ ದಿನ ಹೋಗೋದೇ. ಹೊಸ ಕಟ್ಟಡದಲ್ಲಿ ಹಳೇ ಅಂಗಡಿಗಳಿಗೆ ಜಾಗ ಇಲ್ಲವಂತೆ. ಅದನ್ನ ಇವರಿಗೆ ಯಾರು ಹೇಳೋರು? ಇನ್ನು ನಾಲ್ಕು ತಿಂಗಳ ಅಂಗಡಿಗೆ ಹೆದರಿ, ಮುಂದಿನ ಅಷ್ಟೂ ವರ್ಷಕ್ಕೆ ನನ್ನ ತಮ್ಮನನ್ನ ಕಳ್ಕೊಳ್ಳೋದು."

ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಅಂದು ಅವಳಿಗೆ ಮೊದಲ ಪಾಳಿ. ಹೋಗದಿದ್ದರೆ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿಯುವವರಿರುವುದಿಲ್ಲ, ಮೇಲ್ವಿಚಾರಕಿ ಬೈಯುತ್ತಾಳೆ. ಇದನ್ನೆಲ್ಲ ಕ್ರಮವಾಗಿ ಯೋಚಿಸಿ ಮುಗಿಸಿದಳು.

"ಹೊರಡಿ" ಎಂದಳು. "ನೆರೆಯವರ ಸಹಿ ನಾನು ಹಾಕ್ತೀನಿ."

"ಅವನೇ ಇಲ್ಲವಲ್ಲೇ ತಂಗಿ."

"ಮೊದಲು ಹೊರಡಿ."

ವಸತಿ ಕಚೇರಿಯಲ್ಲಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಎಷ್ಟೊಂದು ಕಟ್ಟಡಗಳಲ್ಲಿ ಎಷ್ಟೊಂದು ಜನ ತಾರಸಿ ಹತ್ತಿದ್ದರೋ. ಮುಂದಿದ್ದ ಮುದುಕನೊಬ್ಬ ತಾನು ಬದುಕಿದ್ದೇನೆಂದು ಹೇಳಲು ಮಗಳನ್ನು ಕರೆತಂದಿದ್ದ. ಅಕ್ಕ ಸಾಲು ಮುಂದೆ ಸರಿದಾಗಲೆಲ್ಲ ಸೊಸೆಯ ತೋಳು ಹಿಡಿಯುವಳು, ನಿಂತಾಗ ಬಿಡುವಳು. ಸೊಸೆ ಗೋಡೆಯ ಗಡಿಯಾರ ನೋಡುತ್ತಿದ್ದಳು. ನೋಡುವುದರಿಂದ ಮುಳ್ಳು ನಿಧಾನವಾದೀತು ಎಂಬಂತೆ.

ಕಿಟಕಿಯಾಚೆಯ ಗುಮಾಸ್ತ ತಲೆಯೆತ್ತದೆ ಬರೆದುಕೊಂಡ. ಯಾವ ಕಟ್ಟಡ. ಯಾವ ಮಹಡಿ. ಬಿಟ್ಟುಹೋದವರು ಯಾರು.

"ನನ್ನ ತಮ್ಮ."

"ಈಗ ಅಲ್ಲೇ ವಾಸ ಇದಾರಾ?"

ಅಕ್ಕ ಬಾಯಿ ತೆರೆದಳು. ಸುಳ್ಳು ಹೇಳಲು ಬಾರದವಳೇನಲ್ಲ, ಅದನ್ನು ಸೊಸೆ ಗುರುವಾರವೇ ಕಿವಿಯಾರೆ ಕೇಳಿದ್ದಳು. ಆದರೆ ಇಲ್ಲ ಎನ್ನುವ ಸುಳ್ಳು ಅಭ್ಯಾಸವಾದ ನಾಲಿಗೆಗೆ ಇದ್ದಾನೆ ಎನ್ನುವುದು ಹೊರಳುತ್ತಿರಲಿಲ್ಲ. ಗುಮಾಸ್ತ ತಲೆಯೆತ್ತಿದ.

"ಇದಾರೆ" ಎಂದಳು ಸೊಸೆ.

"ನೀವು ಯಾರು?"

"ಪಕ್ಕದ ಮನೆಯವಳು. ದಿನಾ ನೋಡ್ತೀನಿ."

"ಇವತ್ತು ಯಾಕೆ ಬರಲಿಲ್ಲ?"

"ಕೆಲಸಕ್ಕೆ ಹೋಗಿದಾರೆ. ಬಣ್ಣ ಹೊಡೆಯೋ ಕೆಲಸ. ಬೆಳಗಾಗೋ ಮುಂಚೆ ಹೋಗ್ತಾರೆ, ಸಂಜೆ ಬರ್ತಾರೆ."

ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸುವಷ್ಟು ಸಮವಾಗಿತ್ತು. ಗುಮಾಸ್ತ ಸಹಿಯ ಜಾಗ ತೋರಿಸಿದ. ಅವಳು ಹಾಕಿದಳು, ಎರಡನೆಯ ಸಲ ನೋಡಲಿಲ್ಲ. ಪರಿಶೀಲನೆಗೆ ಯಾವ ದಿನ ಬೇಕಾದರೂ ಬರುತ್ತಾರೆ, ಮುಂಚೆ ತಿಳಿಸುವುದಿಲ್ಲ, ಆ ಹೊತ್ತಿಗೆ ಅವನು ಮನೆಯಲ್ಲಿರಬೇಕು ಎಂದ. ಹಿಂದಿನವರು ಮುಂದೆ ಬಂದರು.

ಹೊರಗೆ ಬಿಸಿಲು ಏರಿತ್ತು. ಇಬ್ಬರೂ ಬಸ್ಸು ನಿಲ್ಲುವ ಕಡೆಗೆ ನಡೆದರು. ಎರಡೂ ದಿಕ್ಕಿನ ಬಸ್ಸುಗಳು ಅಲ್ಲೇ ನಿಲ್ಲುತ್ತಿದ್ದವು.

"ಎಲ್ಲಿ ಕೆಲಸ ನಡೀತಿದೆ ಅಂತ ಹೇಳಿದ್ನಾ?" ಎಂದು ಸೊಸೆ ಕೇಳಿದಳು.

"ಹೊಸದಾಗಿ ಕಟ್ಟಿರೋ ದೊಡ್ಡ ಕಟ್ಟಡ ಅಂದ. ಗಾಜಿನ ಕಿಟಕಿ ಇರೋದು."

ಸೊಸೆ ಸುತ್ತಲೂ ನೋಡಿದಳು. ಆ ರಸ್ತೆಯಲ್ಲೇ ಅಂಥವು ಐದಾರು ಎದ್ದು ನಿಂತಿದ್ದವು. ಕೆಲವಕ್ಕೆ ಇನ್ನೂ ಬಿದಿರಿನ ಅಟ್ಟಣಿಗೆ ಬಿಚ್ಚಿರಲಿಲ್ಲ.

"ಯಾವ ಬಣ್ಣ ಅಂತ ಏನಾದ್ರೂ?"

ಅಕ್ಕ ಯೋಚಿಸಿದಳು. "ಮೊನ್ನೆ ಕಿವಿ ಹಿಂದೆ ಹಳದಿ ಹತ್ತಿತ್ತು."

ಇಬ್ಬರೂ ತಲೆಯೆತ್ತಿ, ಹತ್ತಿರದ ಕಟ್ಟಡದಿಂದ ಶುರುಮಾಡಿ, ಹಳದಿ ಹುಡುಕುತ್ತ ನಡೆದರು.